ತಾತನನ್ನು ಆರಿಸಿ, ಆಮೇಲೆ ಅಳಿಸಿದ ಲಾಡ್ಜು

ಕಳೆದ ತಿಂಗಳು ನಿಮ್ಮಲ್ಲಿ ಕಿರಿಯವಳು ಫೋನಿನಲ್ಲಿ ಕೇಳಿದಳು. "ಅಜ್ಜಿ, ತಾತ ಫ್ರೀಮೇಸನ್ ಆಗಿದ್ರಂತೆ, ಅಮ್ಮ ಹೇಳಿದ್ಲು. ಅಲ್ಲಿ ಅವರು ಏನಾಗಿದ್ರು?"

ಸರಿಯಾಗಿ ಕೇಳಿಸುತ್ತಿಲ್ಲ ಎಂದು ಸುಳ್ಳು ಹೇಳಿ ಫೋನಿಟ್ಟೆ. ಅದು ಒಂದು ಮಾತಿನಲ್ಲಿ ಮುಗಿಯುವ ಉತ್ತರವಲ್ಲ. ಫ್ರೀಮೇಸನ್ ಎಂದರೆ ಗುಟ್ಟಿನ ವಿಧಿಗಳಿರುವ ಒಂದು ಸಹೋದರರ ಸಂಘ, ಅದರ ಊರೂರಿನ ಶಾಖೆಗೆ ಲಾಡ್ಜು ಎನ್ನುತ್ತಾರೆ. ನಿಮ್ಮ ತಾತ ಹಾಸನದ ಲಾಡ್ಜಿನ ಮಾಸ್ಟರ್, ಅಂದರೆ ಮುಖ್ಯಸ್ಥ, ಎಂದು ಆರಿಸಿ ಬಂದರು, ಆದರೆ ಮಾಸ್ಟರ್ ಆಗಲಿಲ್ಲ. ಯಾಕೆ ಆಗಲಿಲ್ಲ ಎನ್ನುವುದರಲ್ಲಿ ನಾನೂ ಇದ್ದೇನೆ. ಬಾಯಲ್ಲಿ ಹೇಳಲು ಹೋದರೆ ಸಿಟ್ಟಿಗೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ತಾತ ಸರ್ವೇಯರ್ ಆಗಿದ್ದದ್ದು ನಿಮಗೆ ಗೊತ್ತು. ಹಳ್ಳಿಮೈಸೂರು ಕಡೆಯ ಬೇಸಾಯದ ಮನೆಯಿಂದ ಬಂದವರು. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿ, ಸರ್ವೆ ಟ್ರೈನಿಂಗ್ ಮುಗಿಸಿ, ಅರಕಲಗೂಡು, ಚನ್ನರಾಯಪಟ್ಟಣ ಎಂದು ತಾಲ್ಲೂಕಿನಿಂದ ತಾಲ್ಲೂಕಿಗೆ ಹೊಲ ಅಳೆಯುತ್ತ ತಿರುಗಿದರು. ಚನ್ನರಾಯಪಟ್ಟಣದಲ್ಲಿದ್ದಾಗ ಒಬ್ಬ ಡಾಕ್ಟರ ಜಮೀನಿಗೆ ಹದ್ದುಬಸ್ತು ಮಾಡಲು ಹೋದರು. ಅಳತೆ ಮುಗಿದಾಗ ಗಡಿಕಲ್ಲು ಡಾಕ್ಟರ ಹೊಲದೊಳಕ್ಕೇ ಬಂತು, ಪಕ್ಕದ ಬಡವನಿಗೆ ಅಷ್ಟು ನೆಲ ಹೋಯಿತು. ಡಾಕ್ಟರು ಕೋಪಿಸಿಕೊಳ್ಳಲಿಲ್ಲ. "ನಿನ್ನಂಥೋನು ನಮ್ಮ ಲಾಡ್ಜಿಗೆ ಬೇಕು ಕಣಯ್ಯಾ" ಎಂದರು. ಅಲ್ಲಿಂದ ಶುರುವಾಯಿತು.

ನಾವು ಹೊಳೆನರಸೀಪುರದಲ್ಲಿ ಮನೆ ಕಟ್ಟಿಕೊಂಡ ಹೊಸತು. ತಿಂಗಳಿಗೊಂದು ಶನಿವಾರ ತಾತ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಹಾಸನದ ಬಸ್ಸು ಹತ್ತುತ್ತಿದ್ದರು. ನನ್ನ ಅತ್ತೆಗೆ ಲಾಡ್ಜು ಎಂದರೆ ಬಸ್‌ಸ್ಟ್ಯಾಂಡಿನ ಹಿಂದೆ ರೂಮು ಬಾಡಿಗೆಗೆ ಸಿಗುವ ಜಾಗ. ಒಂದು ವರ್ಷ ನನ್ನನ್ನು ಕರುಣೆಯಿಂದ ನೋಡಿದರು.

ಅಲ್ಲಿ ನಡೆಯುವ ವಿಧಿಯನ್ನು ಹೊರಗೆ ಹೇಳಬಾರದೆಂದು ಆಣೆ ಇದೆ. ಆದರೆ ಯಾರು ಏನು ಕೆಲಸ ಮಾಡುತ್ತಾರೆ ಎಂಬುದು ಗುಟ್ಟಲ್ಲ. ತಾತ ಒಂದು ದಿನ ನನ್ನ ಮುಂದಿದ್ದ ಮೊರದಲ್ಲಿ ಅವರೆಕಾಯಿ ಜೋಡಿಸಿ ತೋರಿಸಿದರು.

"ನೋಡೇ, ಇದು ಪೂರ್ವ. ಇಲ್ಲಿ ಮಾಸ್ಟರ್. ಪಶ್ಚಿಮಕ್ಕೆ ಸೀನಿಯರ್ ವಾರ್ಡನ್, ದಕ್ಷಿಣಕ್ಕೆ ಜೂನಿಯರ್ ವಾರ್ಡನ್. ಸುದ್ದಿ ಒಯ್ಯೋಕೆ ಇಬ್ರು ಡೀಕನ್‌ಗಳು. ಬರೆಯೋಕೆ ಸೆಕ್ರೆಟರಿ, ಅಣಕಾಸಿಗೆ ಟ್ರೆಷರರ್. ಬಾಗಿಲ ಒಳಗಡೆ ಒಬ್ಬ ಕಾವಲು, ಒರಗಡೆ ಒಬ್ಬ."

"ಉತ್ತರಕ್ಕೆ?"

"ಅಲ್ಲಿ ಅಧಿಕಾರದ ಕುರ್ಚಿ ಇಲ್ಲ. ಒಸಬರು ಕೂರ್ತಾರೆ."

"ಆ ಒರಗಡೆಯವನಿಗೆ ಏನ್ ಕೆಲಸ?"

"ಕತ್ತಿ ಇಡ್ಕಂಡು ಬಾಗಿಲು ಕಾಯ್ತಾನೆ. ಟೈಲರ್ ಅಂತಾರೆ."

"ಪಾಪ, ಅವನಿಗೆ ಊಟ?"

"ಊಟಕ್ಕೆ ಎಲ್ರೂ ಒಂದೇ ಪಂಕ್ತಿ ಕಣೇ. ಅದೇ ಅಲ್ಲಿನ ಚೆಂದ."

ಒಬ್ಬನು ಸೇರಬೇಕಾದರೆ ಇಬ್ಬರು ಅವನ ಪರವಾಗಿ ನಿಲ್ಲಬೇಕು. ಪೆಟ್ಟಿಗೆಯೊಳಗೆ ಬಿಳಿ ಗುಂಡು, ಕಪ್ಪು ಗುಂಡು ಹಾಕಿ ತೀರ್ಮಾನ. ಕಪ್ಪು ಬಿದ್ದರೆ ಆಯಿತು, ಬಾಗಿಲು ಮುಚ್ಚಿತು. ವರ್ಷಕ್ಕೊಮ್ಮೆ ಎಲ್ಲ ಸದಸ್ಯರೂ ಚೀಟಿ ಹಾಕಿ ಮಾಸ್ಟರನ್ನು ಆರಿಸುತ್ತಾರೆ. ಮಿಕ್ಕ ಅಧಿಕಾರಿಗಳಲ್ಲಿ ಹೆಚ್ಚಿನವರನ್ನು ಮಾಸ್ಟರೇ ನೇಮಿಸುತ್ತಾನೆ. ಒಳಗಿನ ಕಾವಲಿನಿಂದ ಹಿಡಿದು ವರ್ಷಕ್ಕೊಂದು ಮೆಟ್ಟಿಲು ಹತ್ತುತ್ತ ಸೀನಿಯರ್ ವಾರ್ಡನ್ ಆದವನು ಮುಂದಿನ ವರ್ಷ ಮಾಸ್ಟರ್ ಆಗುವುದು ವಾಡಿಕೆ. ಕುರ್ಚಿ ಬಿಟ್ಟವರು ಮಾಜಿ ಮಾಸ್ಟರುಗಳು. ಅವರ ಮಾತಿಗೆ ತೂಕ ಜಾಸ್ತಿ. ಲಾಡ್ಜಿಗೆ ಅಪ್ಪಣೆ ಪತ್ರ ಕೊಟ್ಟ ದೊಡ್ಡ ಲಾಡ್ಜು ಮೇಲಿದೆ, ನಡುವೆ ದಕ್ಷಿಣ ಸೀಮೆಗೆಲ್ಲ ಒಂದು. ಇದೆಲ್ಲ ಒಂದು ಪುಟ್ಟ ಪಂಚಾಯಿತಿಯ ಹಾಗೆ ಕಂಡಿತು ನನಗೆ. ಇಷ್ಟೊಂದು ನಿಯಮ ಇಟ್ಟುಕೊಂಡವರು ಅನ್ಯಾಯ ಮಾಡಲಾರರು ಎಂದು ನಂಬಿದ್ದೆ.

ತಾತ ಹೊಸಬರ ಸಾಲಿನಲ್ಲಿ ಎರಡು ಮೂರು ವರ್ಷ ಕೂತು, ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿದರು. ಸೀನಿಯರ್ ವಾರ್ಡನ್ ಆದಾಗ ಕೊರಳಿಗೆ ನೀಲಿ ಪಟ್ಟಿ, ಅದರ ತುದಿಗೆ ಗಾರೆಯವರು ಇಟ್ಟು ನೋಡುವಂಥ ಮಟ್ಟದ ಗುರುತು. ಎಲ್ಲರೂ ಒಂದೇ ಮಟ್ಟ ಎಂದು ಅದರ ಅರ್ಥವಂತೆ. ಅಳತೆಯ ಕೆಲಸದವರಿಗೆ ಅದು ಬಹಳ ಹಿಡಿಸಿತು. ಆದರೆ ಮಾಸ್ಟರ್ ಆಗುವವನು ಪುಟಗಟ್ಟಲೆ ಇಂಗ್ಲಿಷ್ ಬಾಯಿಪಾಠ ಮಾಡಬೇಕು. ಅವರ ಪುಸ್ತಕದಲ್ಲಿ ಎಷ್ಟೋ ಪದಗಳಿಗೆ ಮೊದಲ ಅಕ್ಷರ ಮಾತ್ರ ಇರುತ್ತಿತ್ತು. ಉಳಿದದ್ದನ್ನು ಕೇಳಿ ಕಲಿಯಬೇಕು. ವಕೀಲರಿಗೂ ಡಾಕ್ಟರರಿಗೂ ಅದು ಕಷ್ಟವಲ್ಲ. ತಾತನಿಗೆ ನಾಲಿಗೆ ಹೊರಳುತ್ತಿರಲಿಲ್ಲ.

ಆಗ ಅವರು ಮಾಡಬಾರದ ಕೆಲಸ ಮಾಡಿದರು. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಆ ಇಂಗ್ಲಿಷನ್ನೆಲ್ಲ ಕನ್ನಡ ಅಕ್ಷರದಲ್ಲಿ ಪೂರ್ತಿ ಬರೆದುಕೊಂಡರು. ಬರೆಯಬಾರದೆಂದು ಆಣೆ ಮಾಡಿದ್ದರು. ತಪ್ಪೇ ಅದು, ನಾನು ಅಲ್ಲ ಎನ್ನುವುದಿಲ್ಲ. ಬೆಳಿಗ್ಗೆ ಹೊತ್ತು ಅವರು ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ಒಪ್ಪಿಸುತ್ತಿದ್ದರು. ನಾನು ತೊಡೆಯ ಮೇಲೆ ಆ ನೋಟುಬುಕ್ಕು ಇಟ್ಟುಕೊಂಡು, ಕೈಯಲ್ಲಿ ಅವರೆಕಾಯಿ ಸುಲಿಯುತ್ತ, ಅವರು ನಿಂತಲ್ಲಿ ಮುಂದಿನ ಪದ ಹೇಳುತ್ತಿದ್ದೆ. ಹಳೇಕೋಟೆಯ ಸ್ಕೂಲಿನಲ್ಲಿ ಏಳನೇ ಕ್ಲಾಸು ಓದಿದವಳು ನಾನು. ಅಕ್ಷರ ಓದುತ್ತಿದ್ದೆ, ಅರ್ಥ ಒಂದೂ ತಿಳಿಯುತ್ತಿರಲಿಲ್ಲ. ಗೊತ್ತಿಲ್ಲದ ಮಂತ್ರಕ್ಕೆ ತಲೆದೂಗುವಂತೆ ಅಷ್ಟೆ. ಅವರೆ ಕಾಲ ಮುಗಿಯುವಷ್ಟರಲ್ಲಿ ನೋಟುಬುಕ್ಕು ನೋಡದೆಯೂ ಹೇಳುವಷ್ಟು ನನಗೇ ಬಂದಿತ್ತು.

ಚುನಾವಣೆಗೆ ಎರಡು ತಿಂಗಳಿದ್ದಾಗ ಹಾಸನದ ವಕೀಲರೊಬ್ಬರು ನಮ್ಮ ಮನೆಗೆ ಬಂದರು. ಅವರು ಮಾಜಿ ಮಾಸ್ಟರ್. ವಿಧಿಗಳು ತಪ್ಪಿಲ್ಲದೆ ನಡೆಯುವಂತೆ ನೋಡಿಕೊಳ್ಳುವ ಹೊಣೆಯೂ ಅವರದೇ. ಹೊಳೆನರಸೀಪುರದ ಕೋರ್ಟಿಗೆ ಬಂದವರು, ತಾತನಿಗೆ ಪಾಠ ಎಷ್ಟು ಬಂದಿದೆ ನೋಡೋಣವೆಂದು ಇಳಿದರು. ಬೀದಿ ಬಾಗಿಲು ಹಾಕಿಸಿದರು, ಕಿಟಕಿಯನ್ನೂ ಹಾಕಿಸಿದರು. ಅಡುಗೆಮನೆಗೆ ಬಾಗಿಲಿಲ್ಲ, ಪರದೆ ಮಾತ್ರ. ಅದರ ಹಿಂದೆ ನಾನು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ. ಹೆಂಗಸು ಅಡುಗೆಮನೆಯಲ್ಲಿದ್ದರೆ ಮನೆಯಲ್ಲಿ ಯಾರೂ ಇಲ್ಲವೆಂದೇ ಅವರ ಎಣಿಕೆ.

ತಾತ ಒಪ್ಪಿಸಿದರು. ಒಂದು ಕಡೆ ಉಚ್ಚಾರ ತಪ್ಪಿತು. ವಕೀಲರು, "ಹಾಗಲ್ಲ ಬ್ರದರ್, ಕೇಳಿ, ಗಾಂಭೀರ್ಯ ಬೇಕು" ಎಂದು ತಾವೇ ಶುರು ಮಾಡಿದರು. ಧ್ವನಿ ದೊಡ್ಡದು, ಚೆನ್ನಾಗಿತ್ತು. ನಡುವೆ ಒಂದು ಕಡೆ ನಿಂತರು. ಹಿಂದಕ್ಕೆ ಹೋಗಿ ಮತ್ತೆ ಬಂದರು, ಅಲ್ಲಿಯೇ ನಿಂತರು. ಮೂರನೇ ಸಲವೂ ಅಲ್ಲಿಯೇ. ಆಗ ನನ್ನ ಬಾಯಿಂದ ಆ ಪದ ಬಂದುಬಿಟ್ಟಿತು.

ಹೊರಗಿನ ಗಂಡಸರ ಮುಂದೆ ಕಾಫಿ ಲೋಟ ಇಟ್ಟು ಮಾತಿಲ್ಲದೆ ಒಳಗೆ ಬರುವವಳು ನಾನು. ಆದರೆ ಮೂರು ತಿಂಗಳು ದಿನಾ ಬೆಳಿಗ್ಗೆ, ನಿಂತ ಕಡೆ ಪದ ಕೊಡುವುದೇ ಅಭ್ಯಾಸವಾಗಿತ್ತು. ನಿಂತವರು ಯಾರೆಂದು ನಾಲಿಗೆ ನೋಡಲಿಲ್ಲ. ವಕೀಲರು ಕೂಡ ಆ ಪದ ಹಿಡಿದುಕೊಂಡು ಇನ್ನೆರಡು ಸಾಲು ಸರಾಗವಾಗಿ ಹೇಳಿ, ಆಮೇಲೆ ನಿಲ್ಲಿಸಿದರು.

"ಯಾರದು?"

"ನಮ್ಮನೆಯವ್ರು, ಸಾ" ಎಂದರು ತಾತ.

"ನಿಮ್ಮ ಮನೆಯವರಿಗೆ ಅದು ಹೇಗೆ ಗೊತ್ತು?"

ತಾತ ಮುಚ್ಚಿಡಲಿಲ್ಲ. "ನಾನೇ ಬರ್ಕಂಡಿದ್ದೆ ಸಾ. ಅವಳು ಇಡ್ಕಂಡು ಒಪ್ಪಿಸ್ಕಂತಿದ್ಲು. ಅವಳಿಗೆ ಅರ್ಥ ಗೊತ್ತಿಲ್ಲ. ನಿಜ ಹೇಳ್ಬೇಕು ಅಂದ್ರೆ ನಂಗೇ ಅರ್ಧ ಗೊತ್ತಿಲ್ಲ."

ವಕೀಲರು ನಗಲಿಲ್ಲ. ಉಪ್ಪಿಟ್ಟು ಮುಟ್ಟದೆ ಎದ್ದು ಹೋದರು. ಮಾರನೆಯ ದಿನ ತಾತ ಬಚ್ಚಲ ಹಂಡೆಯ ಒಲೆಗೆ ನೋಟುಬುಕ್ಕನ್ನು ಹಾಕಿದರು.

ಮುಂದಿನ ಭಾನುವಾರ ಚನ್ನರಾಯಪಟ್ಟಣದ ಡಾಕ್ಟರು ಕಾರಿನಲ್ಲಿ ಬಂದರು. ಮಾಜಿ ಮಾಸ್ಟರುಗಳದ್ದೇ ಒಂದು ವಾಟ್ಸಾಪ್ ಗುಂಪು ಇದೆಯಂತೆ, ಅದರಲ್ಲಿ ನನ್ನ ಸುದ್ದಿ ಓಡಾಡುತ್ತಿತ್ತು. ವಕೀಲರು ಪದ ಮರೆತದ್ದು ಅದರಲ್ಲಿರಲಿಲ್ಲ, ನಾನು ಹೇಳಿದ್ದು ಮಾತ್ರ ಇತ್ತು.

"ನೋಡಪ್ಪಾ, ಒಂದ್ ಕಾಗದ ಬರ್ಕೊಟ್ಬುಡು" ಎಂದರು ಡಾಕ್ಟರು. "ನೋಟುಬುಕ್ಕು ಬೀರುಲಿ ಇಟ್ಟಿದ್ದೆ, ನಂಗೆ ಗೊತ್ತಿಲ್ದಂಗೆ ಮನೆಯವ್ರು ತೆಗೆದು ನೋಡವ್ರೆ ಅಂತ. ಅಲ್ಲಿಗೆ ಎಲ್ಲಾ ತಣ್ಣಗಾಯ್ತದೆ."

"ಅಂದ್ರೆ ಇವಳು ಕದ್ದು ಓದಿದ್ಲು ಅಂತ ಬರೀಬೇಕು."

"ಕದ್ದು ಅಂತ ಯಾಕಯ್ಯಾ ಬರೀತೀಯ, ನೋಡಿದ್ರು ಅಂತ ಬರಿ. ಅವ್ರೇನು ಲಾಡ್ಜಿಗೆ ಬತ್ತಾರಾ? ಅಲ್ಲಿ ಅವ್ರ ಹೆಸರು ಎಂಗಿದ್ರೇನು?"

ಅವರು ಹೋದ ಮೇಲೆ ನಾನೂ ಅದನ್ನೇ ಹೇಳಿದೆ. "ಬರ್ಕೊಡಿ ಅತ್ಲಾಗೆ. ನಾನು ಕಾಲಿಡದ ಜಾಗದಲ್ಲಿ ನನ್ನ ಹೆಸರು ಕೆಟ್ರೆ ನನಗೇನು?"

ತಾತ ಒಪ್ಪಲಿಲ್ಲ. "ಲೇ, ಸುಳ್ಳು ಬರ್ದು ಆ ಕುರ್ಚಿ ಮೇಲೆ ಕೂತ್ರೆ, ಮನೆಗೆ ಬಂದು ನಿನ್ನ ಮುಂದೆ ಎಂಗೆ ಕೂರ್ಲಿ? ಉಣ್ಣಾಕಿಕ್ಕೋಳು ನೀನು." ಎಂದು ಎದ್ದು ಹೋದರು.

ಕಾಗದವನ್ನೇನೋ ಬರೆದರು, ಆದರೆ ಡಾಕ್ಟರು ಹೇಳಿದ ಹಾಗಲ್ಲ. ಬರೆದದ್ದು ನನ್ನ ತಪ್ಪು, ಹೆಂಡತಿಯ ಕೈಗೆ ಕೊಟ್ಟವನು ನಾನೇ, ಈಗ ಸುಟ್ಟಿದ್ದೇನೆ, ನಿಯಮದ ಪ್ರಕಾರ ಏನು ದಂಡನೆಯಿದೆಯೋ ಕೊಡಿ ಎಂದು ಸೆಕ್ರೆಟರಿಗೆ ಕೊಟ್ಟರು. ನಿಯಮ ಅಲ್ಲಿ ಸ್ಪಷ್ಟವಾಗಿಯೇ ಇತ್ತು. ಒಬ್ಬ ಸದಸ್ಯನ ಮೇಲೆ ದೂರಿದ್ದರೆ ಬರವಣಿಗೆಯಲ್ಲಿ ಕೊಡಬೇಕು, ಅವನಿಗೆ ಅದರ ಪ್ರತಿ ಕೊಡಬೇಕು, ಎರಡೂ ಕಡೆ ಕೇಳಿ ತೀರ್ಮಾನ ಮಾಡಬೇಕು. ಯಾರೂ ದೂರು ಬರೆಯಲಿಲ್ಲ. ಬರೆದರೆ ಆ ದಿನ ನಮ್ಮ ಪಡಸಾಲೆಯಲ್ಲಿ ಯಾರು ಪದ ಮರೆತರು ಎಂಬುದನ್ನೂ ಬರೆಯಬೇಕಾಗುತ್ತಿತ್ತು. ತಾತನ ಕಾಗದಕ್ಕೆ ಉತ್ತರವೇ ಬರಲಿಲ್ಲ.

ಚುನಾವಣೆ ನಡೆಯಿತು. ಸದಸ್ಯರಿಗೆ ತಾತನ ಮೇಲೆ ಪ್ರೀತಿ ಇತ್ತು. ಯಾರ ಮನೆಯ ಸಾವಿಗೂ ಮದುವೆಗೂ ಮೊದಲು ಹೋಗಿ ನಿಲ್ಲುವವರು ಅವರು. ಮುಕ್ಕಾಲು ಪಾಲು ಚೀಟಿ ಅವರಿಗೇ ಬಿತ್ತು. ಬಸ್ಸಿನಿಂದಲೇ ಫೋನು ಮಾಡಿ, "ಆಯ್ತು ಕಣೇ" ಎಂದರು, ಅಷ್ಟೇ.

ಮಾಸ್ಟರನ್ನು ಇಂಗ್ಲಿಷಿನಲ್ಲಿ ಪೂಜ್ಯರೇ ಎಂದು ಕರೆಯುವ ಪದ್ಧತಿಯಂತೆ. ಆಗಿನ್ನೂ ಕಾಲೇಜಿನಲ್ಲಿದ್ದ ನಿಮ್ಮಮ್ಮ ಮರುದಿನ ಬೆಳಿಗ್ಗೆಯಿಂದ ಶುರು ಹಚ್ಚಿಕೊಂಡಳು. "ಪೂಜ್ಯರೇ, ಕಸದ ಗಾಡಿ ಬಂತು, ಬುಟ್ಟಿ ತಗೊಂಡೋಗಿ." "ಪೂಜ್ಯರೇ, ಗ್ಯಾಸು ಮುಗೀತು." ತಾತ ನಗುತ್ತಲೇ ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದರು. ಆ ಒಂದು ತಿಂಗಳು ನಮ್ಮ ಮನೆ ಬಹಳ ಚೆನ್ನಾಗಿತ್ತು.

ಹೊಸ ಮಾಸ್ಟರನ್ನು ಕುರ್ಚಿಯಲ್ಲಿ ಕೂರಿಸುವ ದಿನ ಹೆಂಡತಿ ಮಕ್ಕಳಿಗೂ ಊಟಕ್ಕೆ ಕರೆ ಇರುತ್ತದೆ. ಒಂದು ಭಾನುವಾರ ಬೆಳಿಗ್ಗೆ ಹಾಸನಕ್ಕೆ ಹೋದೆವು. ನಾನು ಎರಡು ಡಬ್ಬಿ ಕೊಬ್ಬರಿ ಮಿಠಾಯಿ ಮಾಡಿಕೊಂಡು ಹೋಗಿದ್ದೆ. ಗಂಡಸರು ಒಳಗೆ ಹೋದರು, ಬಾಗಿಲು ಮುಚ್ಚಿತು. ಹೆಂಗಸರೆಲ್ಲ ಊಟದ ಹಾಲಿನಲ್ಲಿ ಕೂತೆವು. ಅಲ್ಲಿಂದ ಬಾಗಿಲು ಕಾಣುತ್ತಿತ್ತು. ಅದರ ಮುಂದೆ ಟೈಲರ್ ಕುರ್ಚಿ ಹಾಕಿಕೊಂಡು, ಕತ್ತಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದ. ಪೋಸ್ಟಾಫೀಸಿನಿಂದ ರಿಟೈರಾದ ಮುದುಕ, ಅರಕಲಗೂಡಿನವನು. ಪರಿಚಯವಿದ್ದವನು.

"ಈಗೇನು ನಡೀತದೆ?" ಎಂದು ಮೆಲ್ಲಗೆ ಕೇಳಿದೆ.

"ಹೋದ ಮೀಟಿಂಗಿನ ಮಿನಿಟ್ಸ್ ಓದ್ತಾರೆ ಕಣವ್ವಾ. ಎಲ್ರೂ ಕೈ ಎತ್ತಿ ಸರಿ ಅಂತಾರೆ. ಆಮೇಲೆ ನಿಮ್ಮ ಯಜಮಾನ್ರನ್ನ ಕೂರಿಸ್ತಾರೆ." ಆಮೇಲೆ ದನಿ ತಗ್ಗಿಸಿದ. "ಇವತ್ತು ಏನೋಪ್ಪ, ನಾಕು ವರ್ಷದಿಂದ ಮುಖ ತೋರ್ಸದೇ ಇದ್ದೋರೆಲ್ಲಾ ಬಂದವ್ರೆ. ಸೈನ್ ಆಕಿಸ್ಕಳೋವಾಗ ನಂಗೇ ಹೆಸರು ಗೊತ್ತಾಗ್ಲಿಲ್ಲ. ನಮ್ಮ ಅರಕಲಗೂಡೋರು ಒಬ್ರೂ ಇಲ್ಲ. ಮದುವೆ ಲಗ್ನ ಎಲ್ಲಾ ಇವತ್ತೇ ಅಲ್ವಾ."

ಅವನು ಹೇಳಿದ್ದರ ಅರ್ಥ ನನಗೆ ಆಗ ಹೊಳೆಯಲಿಲ್ಲ, ಒಳಗೆ ನಡೆದದ್ದನ್ನು ಆಮೇಲೆ ಡಾಕ್ಟರು ಹೇಳಿದರು. ಚುನಾವಣೆ ನಡೆದ ಸಭೆಯ ಮಿನಿಟ್ಸು ಮುಂದಿನ ಸಭೆಯಲ್ಲಿ ಪಕ್ಕಾ ಆದ ಮೇಲೆಯೇ ಮಾಸ್ಟರನ್ನು ಕೂರಿಸುವುದು ಆ ಲಾಡ್ಜಿನ ಪದ್ಧತಿ. ಅಷ್ಟು ವರ್ಷವೂ ಅದು ಹೂಂ ಎನ್ನುವ ಕೆಲಸವಾಗಿತ್ತು. ಆ ದಿನ ಸೆಕ್ರೆಟರಿ ಓದಿ ಮುಗಿಸಿದ ಮೇಲೆ ವಕೀಲರು ಎದ್ದು, ಮಾಸ್ಟರ್ ಆಯ್ಕೆಯ ಭಾಗ ಒಂದನ್ನು ಬಿಟ್ಟು ಉಳಿದದ್ದನ್ನು ಪಕ್ಕಾ ಮಾಡೋಣ ಎಂದರು. ಕಾರಣ ಹೇಳಲಿಲ್ಲ. ಕಾರಣ ಹೇಳಬೇಕೆಂದು ನಿಯಮದಲ್ಲಿ ಇರಲಿಲ್ಲ. ನಾಲ್ಕು ವರ್ಷ ಮುಖ ತೋರಿಸದೆ ಅಂದು ಕಾರು ಮಾಡಿಕೊಂಡು ಬಂದಿದ್ದವರು ಕೈ ಎತ್ತಿದರು, ತಾತನ ಕಡೆಯವರು ಮದುವೆಗಳಲ್ಲಿದ್ದರು. ಅಷ್ಟಕ್ಕೆ ತಿಂಗಳ ಹಿಂದಿನ ಚುನಾವಣೆ ನಡೆಯಲೇ ಇಲ್ಲವೆಂದಾಯಿತು. ಹಳೆಯ ಮಾಸ್ಟರೇ ಇನ್ನೊಂದು ವರ್ಷ. ಡಾಕ್ಟರು ಎದ್ದು ಮಾತಾಡಲು ಹೋದರೆ, ಮಿನಿಟ್ಸಿನ ಮೇಲೆ ಚರ್ಚೆ ಇಲ್ಲವೆಂದು ಕೂರಿಸಿದರಂತೆ.

ಬಾಗಿಲು ಬೇಗ ತೆರೆಯಿತು. ತಾತ ಒಬ್ಬರೇ ಹೊರಗೆ ಬಂದರು. ಕೊರಳಲ್ಲಿ ಆ ಪಟ್ಟಿ ಇರಲಿಲ್ಲ. ಕೈಯಲ್ಲಿ ಹೊಸ ಬಿಳಿ ಗ್ಲೌಸು ಮಡಿಸಿ ಹಿಡಿದಿದ್ದರು. "ಓಗಣ ನಡಿ" ಎಂದರು. ನಿಮ್ಮಮ್ಮ ಏನಾಯಿತಪ್ಪಾ ಎಂದರೆ ಆ ಗ್ಲೌಸನ್ನು ಅವಳ ಕೈಗೆ ಕೊಟ್ಟರು. ಟೈಲರ್ ಎದ್ದು ನಿಂತು ತಲೆ ತಗ್ಗಿಸಿದ. ಅಷ್ಟರಲ್ಲಿ ಉಳಿದವರೂ ಹೊರಗೆ ಬಂದರು. ವಕೀಲರು ನೇರವಾಗಿ ನನ್ನ ಹತ್ತಿರ ಬಂದು, ಎಲ್ಲ ಹೆಂಗಸರ ಎದುರಿಗೆ ಮೃದುವಾಗಿ ಹೇಳಿದರು.

"ಬೇಸರ ಮಾಡ್ಕೋಬೇಡಿ ತಾಯಿ. ವೈಯಕ್ತಿಕ ಏನಿಲ್ಲ. ಊಟ ಮಾಡ್ಕೊಂಡು ಹೋಗಿ."

ಡಬ್ಬಿಯನ್ನು ಮೇಜಿನ ಮೇಲೆ ಇಟ್ಟೆ. "ನನಗೆ ಅರ್ಥ ಗೊತ್ತಿಲ್ಲ ಅಂತ ಒಳಗೆ ಯಾರಾದ್ರೂ ಹೇಳಿದ್ರಾ ಸಾ?" ಎಂದು ಕೇಳಿದೆ.

"ಅದನ್ನ ನಿಮ್ಮ ಹತ್ರ ಮಾತಾಡೋ ಹಾಗಿಲ್ಲ ತಾಯಿ. ಹೊರಗಿನವರ ಮಾತು ಒಳಗೆ ತಗೊಳ್ಳೋಕೆ ನಮ್ಮಲ್ಲಿ ನಿಯಮ ಇಲ್ಲ."

"ಒರಗಿನವಳ ಮಾತು ಒಳಕ್ಕೆ ಬರಬಾರ್ದು ಅಂದ್ರೆ, ಒರಗಿನವಳ ಮೇಲಿನ ಚಾಡಿ ಎಂಗೆ ಒಳಕ್ಕೆ ಬಂತು?"

ಅವರು ಕೋರ್ಟಿನಲ್ಲಿ ದಿನಾ ಮಾತಾಡುವವರು. ಎಲೆ ಹಾಕಿಸಿ ಎಂದು ಅಡುಗೆಯವನ ಕಡೆ ತಿರುಗಿದರು. ಹಳೆಯ ಮಾಸ್ಟರ ಹೆಂಡತಿ, ಆಯಮ್ಮನಿಗೂ ಇದು ಹೊಸ ಸುದ್ದಿಯೇ, ತನ್ನ ಗಂಡನ ಮುಖ ನೋಡಿದರು. ಆ ಮಾಸ್ಟರು ಕೈಗಡಿಯಾರ ನೋಡಿಕೊಂಡರು. ಇನ್ನೂ ಕೇಳುವುದಿತ್ತು ನನಗೆ. ಪದ ಮರೆತವರು ಯಾರು ಎಂದು ಕೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ತಾತ ನನ್ನ ಸೆರಗಿನ ತುದಿ ಹಿಡಿದು, "ಬೇಡ ಕಣೇ" ಎಂದರು. ನಾನು ಬಿಟ್ಟೆ. ಬಿಟ್ಟದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮೂವರೂ ಇಡ್ಲಿ ತಿಂದು ಊರಿಗೆ ಬಂದೆವು.

ಮೇಲಿನ ಲಾಡ್ಜಿಗೆ ಅಪೀಲು ಹೋಗಬಹುದಿತ್ತು. ಡಾಕ್ಟರೇ ಕೂತು ಇಂಗ್ಲಿಷಿನಲ್ಲಿ ಬರೆದರು. ಆದರೆ ಅಪೀಲು ಲಾಡ್ಜಿನ ಸೆಕ್ರೆಟರಿ ಮೂಲಕವೇ ಹೋಗಬೇಕು, ಜೊತೆಗೆ ಲಾಡ್ಜಿನ ಅಭಿಪ್ರಾಯವೂ ಹೋಗಬೇಕು. ಆ ಅಭಿಪ್ರಾಯ ಬರೆದವರು ಯಾರಿರಬಹುದು ನೀವೇ ಊಹಿಸಿ. ನಾಲ್ಕು ತಿಂಗಳಿಗೆ ಉತ್ತರ ಬಂತು. ಯಾವ ಮಿನಿಟ್ಸನ್ನು ಪಕ್ಕಾ ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದು ಆಯಾ ಲಾಡ್ಜಿಗೆ ಸೇರಿದ ವಿಷಯವಂತೆ. ನೂರು ನಿಯಮಗಳಲ್ಲಿ ತೊಂಬತ್ತೊಂಬತ್ತು ನ್ಯಾಯವಾಗಿದ್ದವು. ಅವರು ಹೊಕ್ಕದ್ದು ಉಳಿದ ಒಂದರಲ್ಲಿ.

ತಾತ ಲಾಡ್ಜು ಬಿಡಲಿಲ್ಲ. ನಾನು ಬಿಡಿ ಬಿಡಿ ಎಂದು ಜಗಳವಾಡಿದೆ. "ನಾಕು ಜನ ಮಾಡಿದ್ದಕ್ಕೆ ಉಳಿದವ್ರು ಏನ್ ಮಾಡವ್ರೆ?" ಎನ್ನುತ್ತಿದ್ದರು. ತಿಂಗಳಿಗೊಂದು ಶನಿವಾರ ಹೋಗಿ, ಕುರ್ಚಿಯಿಲ್ಲದವರ ಸಾಲಿನಲ್ಲಿ ಕೂತು ಬರುತ್ತಿದ್ದರು. ಅದನ್ನು ನೀವು ದೊಡ್ಡತನ ಎನ್ನಬಹುದು. ನಾನು ಎನ್ನಲಾರೆ. ಇಸ್ತ್ರಿ ಅಂಗಿ ಹಾಕಿಕೊಂಡು ಅವರು ಬಸ್ಸಿಗೆ ಹೊರಟಾಗಲೆಲ್ಲ ನಾನು ಒಳಗೆ ಪಾತ್ರೆ ಕುಕ್ಕುತ್ತಿದ್ದೆ. ಮತ್ತೆ ಯಾರೂ ಅವರ ಹೆಸರನ್ನು ಮಾಸ್ಟರ್ ಸ್ಥಾನಕ್ಕೆ ಹೇಳಲಿಲ್ಲ. ಅದಾಗಿ ಮೂರನೇ ವರ್ಷ ಹೃದಯಾಘಾತದಿಂದ ಹೋಗಿಬಿಟ್ಟರು.

ಹದಿಮೂರು ದಿನ ಕಳೆದ ಮೇಲೆ ಡಾಕ್ಟರು ಬಂದರು. ಲಾಡ್ಜಿನಲ್ಲಿ ಎಲ್ಲರೂ ಎದ್ದು ನಿಂತು ಸಂತಾಪ ನಿರ್ಣಯ ಮಾಡಿದ್ದಾರೆಂದು ಚೌಕಟ್ಟು ಹಾಕಿಸಿದ ಕಾಗದ ತಂದಿದ್ದರು. ಇಂಗ್ಲಿಷಿನಲ್ಲಿತ್ತು. ಪರದೆಯ ಹಿಂದೆ ನಿಲ್ಲದೆ ನಾನು ಅವರ ಎದುರಿಗೇ ಕೂತು, ಕನ್ನಡದಲ್ಲಿ ಹೇಳಿ ಎಂದೆ. ಅವರು ಓದಿ ಓದಿ ಹೇಳಿದರು. ಇಂಥ ಸಹೋದರರು ಒಳಗಿನ ಕಾವಲಾಗಿ, ಜೂನಿಯರ್ ಡೀಕನ್ ಆಗಿ, ಸೀನಿಯರ್ ಡೀಕನ್ ಆಗಿ, ಜೂನಿಯರ್ ವಾರ್ಡನ್ ಆಗಿ, ಸೀನಿಯರ್ ವಾರ್ಡನ್ ಆಗಿ ಸೇವೆ ಮಾಡಿದರು ಎಂದಿತ್ತು. ಅಲ್ಲಿಗೆ ನಿಂತರು.

"ಆಮೇಲೆ?" ಎಂದೆ.

"ಅಷ್ಟೇ ಕಣಮ್ಮ."

"ಮಾಸ್ಟರ್ ಅಂತ ಆರಿಸಿದ್ದು?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅದು ಮಿನಿಟ್ಸಲ್ಲಿ ಇಲ್ವಲ್ಲಮ್ಮ. ಇಲ್ದೇ ಇರೋದನ್ನ ಸೆಕ್ರೆಟರಿ ಎಂಗೆ ಬರೀತಾನೆ?"

"ಚೀಟಿ ಆಕ್ದೋರಲ್ಲಿ ನೀವೂ ಒಬ್ರಲ್ವಾ ಡಾಕ್ಟ್ರೇ?"

"ಹೌದು."

"ಯಾರ ಹೆಸರು ಬರೆದ್ರಿ?"

"ಅವನ್ದೇ ಕಣಮ್ಮ" ಎಂದರು. ಅವರ ಕಣ್ಣಲ್ಲಿ ನೀರಿತ್ತು.

"ಅಂಗಾದ್ರೆ ಅದನ್ನೂ ಬರೆಸ್ಕಂಡು ಬನ್ನಿ" ಎಂದು ಆ ಕಾಗದವನ್ನು ಚೌಕಟ್ಟಿನ ಸಮೇತ ಅವರ ಕೈಗೇ ಕೊಟ್ಟೆ. ಅವರು ಕಾಫಿ ಕುಡಿದು, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು. ಇನ್ನೂ ತಂದಿಲ್ಲ.